ಕಿತ್ಲೆ ಎಂದರೆ ಸಾಕು

ತಾಷ್ಕೆಂಟ್‌ನಿಂದ ಅಲ್ಮಾಟಿಯವರೆಗೆ ರಷ್ಯನ್ ಒಂದಿದ್ದರೆ ಸಾಕು ಎಂದು ಗೆಳೆಯ ಕೊಚ್ಚಿಕೊಂಡ. ಸೋವಿಯತ್ ಹಡಗು 1991ರಲ್ಲೇ ಮುಳುಗಿದರೂ ಅದರ ಭಾಷೆ ಮಾತ್ರ ಇನ್ನೂ ತೇಲುತ್ತಿದೆಯಂತೆ. ನಾನೇನು ಕಡಿಮೆ? ಭಟ್ಕಳದಿಂದ ಕುಮಟೆಗೆ ಕೊಂಕಣಿ ನಂಬಿ ಹೊರಟೆ. ಬಂಡವಾಳ ಒಂದೇ ಪದ, ‘ಕಿತ್ಲೆ?’ ಎಷ್ಟು ಅಂತ.

ಭಟ್ಕಳದಲ್ಲಿ ಎದುರಾದದ್ದು ನವಾಯತಿ. ಕೊಂಕಣಿಯ ಹತ್ತಿರದ ನಂಟಳೇ, ಆದರೆ ಅರಬ್ಬಿ-ಪಾರ್ಸಿಯ ಅತ್ತರು ಪೂಸಿಕೊಂಡವಳು. ಬರೆಯುವುದೂ ಬಲದಿಂದ ಎಡಕ್ಕೆ. ನನ್ನ ಪ್ರಶ್ನೆ ಅಂಗಡಿಯವರಿಗೆ ತಿಳಿಯಿತು, ಅವರ ಉತ್ತರ ನನಗೆ ತಿಳಿಯಲಿಲ್ಲ. (ಭಾಷೆ ಕಲಿಸುವವರು ಪ್ರಶ್ನೆಯನ್ನಷ್ಟೇ ಯಾಕೆ ಕಲಿಸುತ್ತಾರೋ!) ಶರಾವತಿ ದಾಟಿ ಹೊನ್ನಾವರಕ್ಕೆ ಬಂದರೆ ಮೀನಿನವಳು ಕನಿಕರಪಟ್ಟು ಕನ್ನಡದಲ್ಲೇ ದರ ಹೇಳಿದಳು. ದರದಲ್ಲಿ ಕನಿಕರವಿರಲಿಲ್ಲ. ಕುಮಟೆಯಲ್ಲಿ “ಎಂತಾ ಬೇಕಾಗಿತ್ತೋ ತಮಾ?” ಎಂದು ಹವ್ಯಕ ಕನ್ನಡ. ನನ್ನದೇ ಭಾಷೆ, ಎರಡು ಸಲ ಹೇಳಿಸಿಕೊಂಡೆ.

ಕೊನೆಗೆ ಅದೇ ತಾಲ್ಲೂಕಿನ ಗೋಕರ್ಣ. ಚಳಿಗಾಲಕ್ಕೆ ರಷ್ಯನ್ನರು ಬಂದಿಳಿಯುವ ಊರು. ಎಳನೀರಿನ ಗಾಡಿಯ ಮುಂದೆ ಗತ್ತಿನಿಂದ ‘ಕಿತ್ಲೆ?’ ಎಂದೆ. ಪಕ್ಕದ ಬಿಳಿ ಹುಡುಗ ‘ಸ್ಕೋಲ್ಕೊ?’ ಎಂದ. ಗಾಡಿಯವನು ಅವನಿಗೆ ರಷ್ಯನ್ನಿನಲ್ಲೇ ಲೆಕ್ಕ ಒಪ್ಪಿಸಿದ.

ನನಗೆ ಹಿಂದಿಯಲ್ಲಿ.