ಸಮಗ್ರಪ್ಪ: ಒಂದು ಅಧ್ಯಯನ

ಯಾವ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೆ ಹೋದರೂ ಒಬ್ಬ ಸಮಗ್ರಪ್ಪ ಸಿಗುತ್ತಾನೆ. ಹೆಗಲಿಗೆ ಜೋಳಿಗೆ, ಕಂಕುಳಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಜೆರಾಕ್ಸ್ ಕಂತೆ, ಬಾಯಲ್ಲಿ ‘ಸಿನಾಪ್ಸಿಸ್ ಇನ್ನೇನು ಆಗೋಯ್ತು’ ಎಂಬ ಮಂತ್ರ. ಹೆತ್ತವರಿಟ್ಟ ಹೆಸರು ಬೇರೆ. ಇದು ಕ್ಯಾಂಟೀನಿನಲ್ಲಿ ನಾವಿಟ್ಟದ್ದು.

ಅವನು ಮೊದಲು ತಂದ ವಿಷಯ ‘ಕರ್ನಾಟಕದ ಶಾಸನಗಳು: ಒಂದು ಸಮಗ್ರ ಅಧ್ಯಯನ’. ಗೈಡು ಕನ್ನಡಕ ತೆಗೆದರು. “ರೈಸ್ ಸಾಹೇಬರು ಶುರುಮಾಡಿದ ಆ ಕೆಲಸ 12 ಸಂಪುಟಕ್ಕೂ ಮುಗಿಯಲಿಲ್ಲಪ್ಪ. ನಿನಗೆ ಯುಜಿಸಿ ಕೊಡೋದು 6 ವರ್ಷ.” ಸಮಗ್ರಪ್ಪ ‘ಶಾಸನ’ ಹೊಡೆದು ‘ವೀರಗಲ್ಲು’ ಬರೆದ. ‘ಸಮಗ್ರ’ ಮಾತ್ರ ಕದಲಲಿಲ್ಲ.

“ಸರಿ, ನಿನ್ನ ಸಂಶೋಧನಾ ಸಮಸ್ಯೆ ಏನು?”

“ಫೆಲೋಶಿಪ್ ನಾಲ್ಕು ತಿಂಗಳಿಂದ ಬಂದಿಲ್ಲ ಸಾರ್.”

“ಉದ್ದೇಶ?”

“ವೀರಗಲ್ಲುಗಳ ಮೇಲೆ ಬೆಳಕು ಚೆಲ್ಲುವುದು.”

“ಊರಾಚೆ ಬಿಸಿಲಲ್ಲೇ ನಿಂತಿವೆ ಕಣಯ್ಯ, ಅವಕ್ಕೆ ಬೆಳಕಿನ ಬರವೇ! ವಿಷಯ ಅನ್ನೋದು ಊರು, ಸಮಸ್ಯೆ ಅನ್ನೋದು ಆ ಊರಲ್ಲಿ ನೀನು ಹುಡುಕೋ ಮನೆ. ಊರಿಗೆ ಊರನ್ನೇ ಹುಡುಕ್ತೀನಿ ಅಂದ್ರೆ ಯಾರ ಬಾಗಿಲು ತಟ್ತೀಯ?”

ಸಮಗ್ರಪ್ಪ ತಲೆಯಾಡಿಸಿ ಅದನ್ನೂ ನೋಟ್ಸ್ ಮಾಡಿಕೊಂಡ. ಹೀಗೆ ಮೂರು ವರ್ಷ ಕಳೆಯಿತು.

ಮೊನ್ನೆ ಕ್ಯಾಂಟೀನಿನಲ್ಲಿ ಆತಕೂರಿನ ಕಲ್ಲಿನ ಕಥೆ ಹೇಳುತ್ತಿದ್ದ. ಕಥೆ ಹೇಳುವುದರಲ್ಲಿ ಅವನು ನಿಸ್ಸೀಮ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಬಿದ್ದ. ಗಂಗರ ಬೂತುಗ ತನ್ನ ಬಂಟ ಮಣಲೇರನಿಗೆ ಮೆಚ್ಚಿ ‘ಬೇಕಾದ್ದು ಕೇಳು’ ಎಂದ. ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಸುಮಾರು 950ರಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಟೀ ಸೋಸುತ್ತಿದ್ದ ಕ್ಯಾಂಟೀನಿನವನ ಕೈ ನಿಂತಿತು. “ಅಲ್ಲ ಸಾರ್, ರಾಜನೇ ಕೇಳು ಅಂದಾಗ ಊರುಕೇರಿ ಬಿಟ್ಟು ನಾಯಿ ಯಾಕೆ ಕೇಳ್ದ? ಅಷ್ಟು ದೊಡ್ಡ ಯುದ್ಧದ ಸುದ್ದಿ ಇರೋ ಕಲ್ಲಲ್ಲೇ ನಾಯಿ ಸುದ್ದಿ ಯಾಕೆ ಬರೆಸಿದ್ರು? ಬೇರೆ ನಾಯಿಗೂ ಇಂಥ ಮರ್ಯಾದೆ ಸಿಕ್ಕಿತ್ತಾ?”

ನಾನು ದಂಗಾದೆ. ಮೂರು ವರ್ಷ ತಪ್ಪಿಸಿಕೊಂಡಿದ್ದ ಸಮಸ್ಯೆ ಬೈಟು ಟೀ ಆರುವುದರೊಳಗೆ ಸಿಕ್ಕಿಬಿದ್ದಿತ್ತು. ಕೊನೆಯ ಪ್ರಶ್ನೆಯಲ್ಲಿ ಉದ್ದೇಶವೂ ಅಡಗಿತ್ತು: ನಾಯಿಗಲ್ಲುಗಳನ್ನು ಹುಡುಕಿ, ಆಳಿನ ಕಲ್ಲುಗಳ ಪಕ್ಕ ಇಟ್ಟು ಓದಿ, ಆ ಕಾಲ ಯಾರನ್ನು ವೀರ ಎಂದಿತೆಂದು ನೋಡುವುದು. ಸಮಗ್ರಪ್ಪ ಜೇಬಿನಿಂದ ಪೆನ್ನು ತೆಗೆದ. ಗೆದ್ದೆವು ಅಂದುಕೊಂಡು ಬಗ್ಗಿ ನೋಡಿದೆ.

‘ಕರ್ನಾಟಕದ ಶಾಸನಗಳಲ್ಲಿ ಪ್ರಾಣಿ, ಪಕ್ಷಿ ಹಾಗೂ ಮನುಷ್ಯ: ಒಂದು ಸಮಗ್ರ ಅಧ್ಯಯನ.’

ಕ್ಯಾಂಟೀನಿನವನೂ ತನ್ನ ಲೆಕ್ಕದ ಪುಸ್ತಕ ತೆಗೆದ. ಅದರಲ್ಲಿ ಸಮಸ್ಯೆ, ಉದ್ದೇಶ ಎರಡೂ ಒಂದೇ ಸಾಲಿನಲ್ಲಿದ್ದವು: ಸಮಗ್ರಪ್ಪನ ಬಾಕಿ ಎಷ್ಟು, ವಸೂಲಿ ಯಾವಾಗ.