ಐದು ನಿಮಿಷದ ಕಂಬಳಿ

ವಡ್ಡುವಿನಿಂದ ತೋರಣಗಲ್ಲಿಗೆ ಹೋಗುವ ರಸ್ತೆಯಲ್ಲಿ ಒಮ್ಮೆ ನಿಂತು ನೋಡಿ. ಮಾರ್ಚ್ ತಿಂಗಳು, ಮಟಮಟ ಮಧ್ಯಾಹ್ನ. ಬೈಕಿನ ಮೇಲೆ ಒಬ್ಬ ಹುಡುಗ. ಮೈತುಂಬ ಉಬ್ಬಿದ ಕರಿ ಜಾಕೆಟ್ಟು, ಎದೆಯ ಮೇಲೆ ಹಿಮ ಮುಚ್ಚಿದ ಬೆಟ್ಟದ ಚಿತ್ರ. ನೆತ್ತಿಯ ಮೇಲೆ ನಲವತ್ತರ ಬಿಸಿಲು, ಮುಂದೆ ಅದಿರು ಲಾರಿ, ಸುತ್ತ ಕೆಂಧೂಳು. ಯಾವ ಹಿಮಾಲಯಕ್ಕೆ ಹೊರಟಿದ್ದಾನೆ? ಕಾರ್ಖಾನೆಯ ಸೆಕೆಂಡ್ ಶಿಫ್ಟಿಗೆ.

ಅವನನ್ನು ಬೈದು ಪ್ರಯೋಜನವಿಲ್ಲ. ಮಾರಿದವನು ಜಾಕೆಟ್ಟಿಗೆ ತೂಗುಹಾಕಿದ ಚೀಟಿ ತೋರಿಸಿರುತ್ತಾನೆ. ಅದರಲ್ಲಿ 10,000 ಮಿ.ಮೀ. ಎಂದಿದೆ. ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಒಳಗೆ ಸೋರುವುದಿಲ್ಲ ಎಂದು ಅರ್ಥ. ನಮ್ಮ ಬಳ್ಳಾರಿ ಸೀಮೆಗೆ ಇಡೀ ವರ್ಷ ಬೀಳುವ ಮಳೆ ಆರುನೂರು ಮಿ.ಮೀ. ಮುಟ್ಟಿದರೆ ಅದೇ ಹಬ್ಬ. ತುಂಗಭದ್ರಾ ಜಲಾಶಯ ತುಂಬುವುದೂ ಮಲೆನಾಡಿನವರ ಮಳೆಯಿಂದ. ಬಾಗಿನ ಬಿಡುವುದಷ್ಟೇ ನಮ್ಮ ಕೆಲಸ. ಮಳೆಯ ಮಿ.ಮೀ. ಬೇರೆ ಅಳತೆ, ಚೀಟಿಯ ಮಿ.ಮೀ. ಬೇರೆ ಅಳತೆ. ಅಂಗಡಿಯವನಿಗೂ ಗೊತ್ತು. ಆದರೆ ದೊಡ್ಡ ಸಂಖ್ಯೆ ಕಂಡರೆ ನಾವು ಕೈಮುಗಿಯುವ ಜನ. ಬಜೆಟ್ಟಿನಲ್ಲಿ ಕಂಡರೂ ಅಷ್ಟೆ, ಜಾಕೆಟ್ಟಿನಲ್ಲಿ ಕಂಡರೂ ಅಷ್ಟೆ.

ಚಳಿದೇಶಗಳಲ್ಲಿ ಪ್ರತಿವರ್ಷ ಪತ್ರಿಕೆಗಳು ಕೋಟುಗಳ ಪರೀಕ್ಷೆ ನಡೆಸುತ್ತವೆ. ಹಾಕಿಕೊಂಡು ನಾಯಿಯ ಜೊತೆ ಅಡ್ಡಾಡುತ್ತಾರೆ. ಬಸ್ಸಿಗೆ ಕಾಯುತ್ತಾರೆ. ಬಚ್ಚಲಲ್ಲಿ ಷವರ್ ಬಿಟ್ಟುಕೊಂಡು ಅದರ ಕೆಳಗೆ ನಿಲ್ಲುತ್ತಾರೆ. ಬೆಚ್ಚಗಿತ್ತೇ, ನೆನೆಯಿತೇ, ಜೇಬು ಎಷ್ಟಿವೆ ಎಂದು ಅಂಕ ಕೊಡುತ್ತಾರೆ. ಒಳ್ಳೆಯ ಪದ್ಧತಿ.

ನಮ್ಮಲ್ಲೂ ಒಂದು ಕೋಟು ಇದೆ. ಬೆಚ್ಚಗಿಡುತ್ತದೆ, ಮಳೆ ತಡೆಯುತ್ತದೆ. ಶತಮಾನಗಳಿಂದ ದಿನನಿತ್ಯ ಪರೀಕ್ಷೆಗೆ ಕೂತಿದೆ. ಇದುವರೆಗೆ ಯಾರೂ ಅಂಕಪಟ್ಟಿ ಕೊಟ್ಟಿಲ್ಲ. ಕರಿ ಕಂಬಳಿ. ಹೆಸರು ಕೇಳಿದ ಕೂಡಲೇ ಒಂದು ಜಾತಿ, ಒಂದು ಪಕ್ಷ, ಒಂದು ವೇದಿಕೆ ನೆನಪಾಯಿತಲ್ಲ? ಆಗಬೇಕಾದದ್ದೇ. ಕುರಿ ಮಾತ್ರ ನೆನಪಾಗಲಿಲ್ಲ.

ಮೊದಲು ಮಾಲು ನೋಡೋಣ. ಇದಕ್ಕೆ ಬೇಕಾದದ್ದು ದಖ್ಖನಿ ಕುರಿಯ ಒರಟು ಉಣ್ಣೆ, ಇಲ್ಲವೇ ಬಳ್ಳಾರಿ ಕುರಿಯದು. ಹೌದು, ನಮ್ಮ ಜಿಲ್ಲೆಯ ಹೆಸರಿನದೇ ಒಂದು ಕುರಿ ತಳಿ ಇದೆ. ದೇಶದ ತಳಿಗಳ ಅಧಿಕೃತ ಪಟ್ಟಿಯಲ್ಲೂ ಇದೆ. ಬಳ್ಳಾರಿ ಎಂದರೆ ಗಣಿ ಮಾತ್ರ ಎಂದುಕೊಂಡವರು ಗಮನಿಸಬೇಕು. ಒಂದು ಕುರಿ ವರ್ಷಕ್ಕೆ ಕೊಡುವುದು ಅರ್ಧ ಕಿಲೋ ಆಸುಪಾಸು ಉಣ್ಣೆ. ಒಂದು ಕಂಬಳಿಗೆ ಹಲವು ಕುರಿಗಳ ಮೈ ಬರಿದಾಗಬೇಕು. ಕತ್ತರಿಸಬೇಕು, ಹಿಂಜಬೇಕು. ಹೆಂಗಸರು ರಾಟೆಯಲ್ಲಿ ನೂಲಬೇಕು. ನೂಲಿಗೆ ಹುಣಸೆಬೀಜದ ಗಂಜಿ ಕುದಿಸಿ ಬಳಿದು, ಬಿಸಿಲಿಗೆ ಹರವಿ, ಕುಣಿಮಗ್ಗದಲ್ಲಿ ನೇಯಬೇಕು. ಉಣ್ಣೆಯಲ್ಲಿ ಹುಟ್ಟಿನಿಂದಲೇ ಜಿಡ್ಡು ಇರುತ್ತದೆ. ಆ ಜಿಡ್ಡು, ಬಿಗಿ ನೇಯ್ಗೆ, ಮೇಲೆ ಗಂಜಿ. ಮಳೆಹನಿ ಒಳಗಿಳಿಯಲು ದಾರಿ ಹುಡುಕಬೇಕಾಗುತ್ತದೆ.

ಜಗತ್ತು ಇದೇ ಕೆಲಸಕ್ಕೆ ಎಷ್ಟು ಪಾಡು ಪಟ್ಟಿತು! 1823ರಲ್ಲಿ ಸ್ಕಾಟ್ಲೆಂಡಿನ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಬಳಿದು ಪೇಟೆಂಟ್ ಪಡೆದ. ನೀರು ಬರಲಿಲ್ಲ, ಬೆವರೂ ಹೋಗಲಿಲ್ಲ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಸರಕ್ಕನೆ ಎಳೆದು ಗೋರ್‌ಟೆಕ್ಸ್‌ಗೆ ದಾರಿ ಮಾಡಿದ. ಬೆವರಿನ ಆವಿ ಹೊರಗೆ, ನೀರು ಹೊರಗಡೆಯೇ. ಅದ್ಭುತ. ಆಮೇಲೆ ಗೊತ್ತಾಯಿತು, ನೀರು ಜಾರಲೆಂದು ಇಂಥ ಬಟ್ಟೆಗಳಿಗೆ ಹಚ್ಚುತ್ತಿದ್ದ ಫ್ಲೋರಿನ್ ರಾಸಾಯನಿಕಗಳು ನೆಲದಲ್ಲೂ ಅಳಿಯುವುದಿಲ್ಲ, ನೀರಲ್ಲೂ ಅಳಿಯುವುದಿಲ್ಲ, ಮನುಷ್ಯನ ರಕ್ತದಲ್ಲೂ ಮನೆ ಮಾಡುತ್ತವೆ ಎಂದು. ಬಟ್ಟೆಗಳಲ್ಲಿ ಅವನ್ನು ಬಳಸಬಾರದೆಂದು ಫ್ರಾನ್ಸ್ 2025ರಲ್ಲಿ ಕಾನೂನು ಮಾಡಿತು. ಹುಣಸೆಬೀಜದ ಮೇಲೆ ಇನ್ನೂ ಯಾರೂ ಕಾನೂನು ಮಾಡಿಲ್ಲ. ಅದರಿಂದ ಯಾರಿಗೂ ಲಾಭವಾಗುತ್ತಿಲ್ಲ, ಅದಕ್ಕೇ ಇರಬೇಕು.

ಇನ್ನು ಪರೀಕ್ಷೆ.

ಮಳೆ: ಮೂಲೆ ಮಡಚಿ ತಲೆಗೇರಿಸಿದರೆ ಕಂಬಳಿ ಕೊಪ್ಪೆ. ಗುಂಡಿ ಇಲ್ಲ, ಜಿಪ್ಪಿಲ್ಲ, ಕೆಡುವ ಮಾತೇ ಇಲ್ಲ. ಮುಂಗಾರಿನ ಜಡಿಮಳೆಯಲ್ಲಿ ಬಯಲಲ್ಲಿ ನಿಂತ ಕುರಿಗಾಹಿಗೆ ಅದೇ ಸೂರು. ಆಗಷ್ಟೇ ಹುಟ್ಟಿದ ಮರಿಯೊಂದು ಒಳಗೆ ಸೇರಿಕೊಂಡರೆ ಅದಕ್ಕೂ ಅದೇ ಸೂರು. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಹೀರಿಕೊಳ್ಳುವಾಗ ಒಂದಿಷ್ಟು ಬಿಸಿಯನ್ನೂ ಬಿಡುತ್ತದೆ. ಇದು ವಿಜ್ಞಾನ, ಜಾನಪದವಲ್ಲ. ಜಾನಪದ ಎಂದ ಕೂಡಲೇ ನೀವು ಅಕಾಡೆಮಿಗೆ ಕಳಿಸಿ ಕೈತೊಳೆದುಕೊಳ್ಳುತ್ತೀರಿ ಎಂದು ಮೊದಲೇ ಹೇಳಿದೆ.

ಚಳಿ: ಸುಗ್ಗಿ ಮುಗಿದ ಮೇಲೆ ಕಂಪ್ಲಿ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ತರುಬುತ್ತಾರೆ. ಪುಷ್ಯದ ರಾತ್ರಿ, ಕಾಲುವೆಯ ತೇವ, ಬಯಲ ಗಾಳಿ. ಕಂಬಳಿ ಅರ್ಧ ಕೆಳಗೆ, ಅರ್ಧ ಮೇಲೆ. ಹಾವು ಚೇಳು ಹತ್ತಿರ ಬರುವುದಿಲ್ಲ ಎಂಬ ನಂಬಿಕೆ ಬೇರೆ ಉಚಿತ. ಬೆಳಗ್ಗೆ ಕೊಡವಿ ಹೆಗಲಿಗೆ ಹಾಕಿಕೊಂಡರೆ ಹಾಸಿಗೆ ಮಡಚಿದ ಹಾಗೂ ಆಯಿತು, ಮನೆ ಖಾಲಿ ಮಾಡಿದ ಹಾಗೂ ಆಯಿತು.

ಧೂಳು: ಈ ಪರೀಕ್ಷೆಯನ್ನು ಯುರೋಪಿನವರು ಮಾಡುವುದಿಲ್ಲ. ಸಂಡೂರಿನವರು ಮಾಡಲೇಬೇಕು. ಜಾಕೆಟ್ಟು ಯಾವ ಬಣ್ಣದ್ದೇ ಇರಲಿ, ಅದಿರು ದಾರಿಯಲ್ಲಿ ಒಂದು ವಾರಕ್ಕೆ ಕೆಂಪಾಗುತ್ತದೆ. ಕಂಬಳಿಯೂ ಆಗುತ್ತದೆ. ಇಲ್ಲಿ ಎಲ್ಲರೂ ಸಮಾನರು.

ಅವಗುಣವನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಸನ್ಮಾನಪತ್ರವಾಗುತ್ತದೆ. ಕಂಬಳಿ ಚುಚ್ಚುತ್ತದೆ. ವಾಸನೆ ಹೊಡೆಯುತ್ತದೆ. ನುಸಿ ತಿನ್ನುತ್ತದೆ. ದಿನಗಟ್ಟಲೆ ಮಳೆ ಹಿಡಿದರೆ ನೆನೆದೇ ನೆನೆಯುತ್ತದೆ, ಆಗ ಅದನ್ನು ಹೊರುವುದು ಇನ್ನೊಂದು ಕುರಿಯನ್ನು ಹೊತ್ತಂತೆ. ಜೇಬಿಲ್ಲ. ಮೊಬೈಲ್ ಎಲ್ಲಿಡುವುದು ಎಂದು ಹೊಸ ಹುಡುಗರು ಕೇಳುವುದು ನ್ಯಾಯವೇ.

ಹೀಗೆ ಎಲ್ಲ ಕೂಡಿದರೆ ಫಸ್ಟ್ ಕ್ಲಾಸ್. ಆದರೆ ನಮ್ಮ ನಾಡಿನಲ್ಲಿ ಈ ಅಂಕಗಳು ಲೆಕ್ಕಕ್ಕಿಲ್ಲ. ಇಲ್ಲಿ ಕಂಬಳಿಗೆ ಒಂದೇ ಪರೀಕ್ಷೆ. ವೇದಿಕೆ.

ನೋಡಿದ್ದೀರಿ. ಡೊಳ್ಳು ಬಡಿಯುತ್ತಾರೆ. ನಾಯಕರು ಬರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಲೆ ಕರಿ ಕಂಬಳಿ ಬೀಳುತ್ತದೆ. ಕೈಗೆ ಒಂದು ಕುರಿಮರಿ ಕೊಡುತ್ತಾರೆ. ಮರಿ ಒದ್ದಾಡುತ್ತದೆ, ನಾಯಕರು ನಗುತ್ತಾರೆ, ಫೋಟೋದವರು ಇನ್ನೊಮ್ಮೆ ಎನ್ನುತ್ತಾರೆ. ಐದು ನಿಮಿಷ. ಆಮೇಲೆ ಕಂಬಳಿ ಆಪ್ತ ಸಹಾಯಕನ ಕೈಗೆ, ಅಲ್ಲಿಂದ ಕಾರಿನ ಡಿಕ್ಕಿಗೆ. ಮರಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಡಿ. ಮಧ್ಯಾಹ್ನ ಊಟವಿರುತ್ತದೆ.

2021ರ ಅಕ್ಟೋಬರ್ ನೆನಪಿದೆಯೇ? ಹಾನಗಲ್, ಸಿಂದಗಿ ಉಪಚುನಾವಣೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಂಬಳಿ ಹೊದ್ದರು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಅದನ್ನು ಪ್ರಶ್ನಿಸಿದರು. ಬೊಮ್ಮಾಯಿ ತಿರುಗಿ ಉತ್ತರ ಕೊಟ್ಟರು. ರಾಜ್ಯವೆಲ್ಲ ದಿನಗಟ್ಟಲೆ ಕಂಬಳಿಯ ಮಾತಾಡಿತು. ಅದನ್ನು ಹೊದೆಯುವ ಹಕ್ಕು ಯಾರಿಗೆ? ಯೋಗ್ಯತೆ ಯಾರಿಗೆ? ಟೀವಿಯವರು ಬಾಯಿ ಒಣಗುವವರೆಗೆ ಚರ್ಚೆ ಮಾಡಿದರು. ಆ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಮೇಲೆದ್ದದ್ದು ನನಗಂತೂ ಕೇಳಿಸಲಿಲ್ಲ: ಇದನ್ನು ನೇಯ್ದವನಿಗೆ ಎಷ್ಟು ಕೊಟ್ಟಿರಿ?

ವಿಜಯನಗರ ಕಟ್ಟಿದ ಹಕ್ಕಬುಕ್ಕರು ಯಾವ ಕುಲದವರೆಂದು ಹಂಪಿಯ ಹೆಸರಿನಲ್ಲಿ ಹೊಡೆದಾಡುವುದಕ್ಕೆ ನಮಗೆ ಪುರುಸೊತ್ತಿದೆ. ಕನಕ ಜಯಂತಿಗೆ ಸರ್ಕಾರಿ ರಜೆ ಇದೆ. ಪಟದಲ್ಲಿ ಕನಕದಾಸರ ಹೆಗಲ ಮೇಲೆ ಕಂಬಳಿ ಇದೆ. ಪಟಕ್ಕೆ ಹೂವಿನ ಹಾರ ಹಾಕಿದವರ ಹೆಗಲ ಮೇಲೆ ಜರಿ ಶಲ್ಯ ಇದೆ.

ಕಂಬಳಿಯನ್ನು ಕೋಟಿನಂತೆಯೇ ತೊಟ್ಟವರನ್ನು ನೋಡಬೇಕಾದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಮೈಲಾರಲಿಂಗನ ಭಕ್ತರಾದ ಗೊರವರದು ಕರಿ ಕಂಬಳಿಯ ನಿಲುವಂಗಿ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿಯುತ್ತಾನೆ. ಲಕ್ಷಾಂತರ ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಮಾರನೆಯ ದಿನ ಪತ್ರಿಕೆಗಳಲ್ಲಿ ವ್ಯಾಖ್ಯಾನ: ಮಳೆ ಆಗುತ್ತದಂತೆ, ಇಲ್ಲ, ಸರ್ಕಾರ ಬೀಳುತ್ತದಂತೆ. ಒಂದೇ ಸಾಲಿನ ನುಡಿಯಲ್ಲಿ ಮಂತ್ರಿಗಿರಿ ಹುಡುಕುವವರಿಗೆ ಅದನ್ನು ನುಡಿದವನ ಮೈಮೇಲಿನ ಉಣ್ಣೆ ಕಾಣುವುದಿಲ್ಲ.

ಉಣ್ಣೆಯ ಕಥೆ ಏನೆಂದು ಒಬ್ಬ ಹಿರಿಯ ಕುರಿಗಾಹಿಯನ್ನೇ ಕೇಳಿದೆ. "ಏನ್ ತಾತ, ಈ ಸಲ ಉಣ್ಣಿ ರೇಟ್ ಹೆಂಗೈತಿ?"

"ರೇಟಾ? ಬಿಸಾಕ್ತೀವಿ ಬುಡ್ರಿ. ಕತ್ತರ್ಸಾಕ ಕೊಟ್ಟ ಕೂಲಿನೂ ಹುಟ್ಟಂಗಿಲ್ಲ."

"ಮತ್ತ ಯಾಕ ಕತ್ತರ್ಸ್ತೀರಿ?"

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕುರಿಗೆ ಸೆಕೆ ಆಗಂಗಿಲ್ಲೇನ್ರಿ?"

ಸೆಕೆಗೆ ಮೈಮೇಲಿನದನ್ನು ತೆಗೆಯಬೇಕೆಂಬುದು ಕುರಿಯ ವಿಷಯದಲ್ಲಾದರೂ ನಮಗೆ ಗೊತ್ತಿದೆ.

2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.1 ಕೋಟಿ ಕುರಿಗಳಿವೆ. ದೇಶದಲ್ಲಿ ಮೂರನೇ ಸ್ಥಾನ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಎಂದು ಒಂದು ನಿಗಮವೂ ಇದೆ. ಹೆಸರಿನಲ್ಲಿ ಉಣ್ಣೆ ಅಭಿವೃದ್ಧಿಯಾಗಿದೆ. ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ಕೊಡುವ ಯೋಜನೆ ಇದೆ, ಅದಕ್ಕೆ 'ಅನುಗ್ರಹ' ಎಂಬ ದೈವಿಕ ಹೆಸರೂ ಇದೆ. ಕೊಡಲಿ, ಬೇಡ ಎನ್ನುವುದಿಲ್ಲ. ಬದುಕಿದ ಕುರಿಯ ಬೆನ್ನ ಮೇಲಿರುವುದಕ್ಕೆ ಬೆಲೆ ಸಿಗಲು ಅದು ಏನು ಮಾಡಬೇಕು ಎಂಬುದಷ್ಟೇ ಸಂಶಯ.

ಕುರಿಗಾಹಿ ದಡ್ಡನಲ್ಲ. ಅವನು ಲೆಕ್ಕ ಹಾಕಿದ್ದಾನೆ. ಉಣ್ಣೆಯೇ ಇಲ್ಲದ, ಬರೀ ಕೂದಲಿನ ಮಾಂಸದ ತಳಿಗಳಿಗೆ ಬದಲಾಗುತ್ತಿದ್ದಾನೆ. ಕೆಂಗುರಿ, ಯಳಗ, ನೆಲ್ಲೂರು ಕಡೆಯವು. ಬೇಗ ತೂಕ ಬರುತ್ತವೆ, ಕತ್ತರಿಸುವ ಖರ್ಚಿಲ್ಲ. ಉಣ್ಣೆ ಇಲ್ಲದಿರುವುದೇ ಈಗ ಕುರಿಯ ಗುಣ. ಉಣ್ಣೆ ಇರುವುದು ದೋಷ. ಇತ್ತ ದೊಡ್ಡ ಊರಿನ ಮಾಲುಗಳಲ್ಲಿ ಮೆರಿನೊ ಉಣ್ಣೆಯ ಒಂದು ಜೊತೆ ಕಾಲುಚೀಲಕ್ಕೆ ಸಾವಿರದ ಮಾತು. ಚೀಟಿಯಲ್ಲಿ 'ನೈಸರ್ಗಿಕ', 'ಪರಿಸರಸ್ನೇಹಿ' ಎಂದು ಬರೆದಿರುತ್ತದೆ. ಬೆಂಗಳೂರಿನ ಎ.ಸಿ. ಆಫೀಸಿನಲ್ಲಿ ಹದಿನೆಂಟು ಡಿಗ್ರಿ ಇಟ್ಟು, ಆ ಚಳಿಗೆ ಅದನ್ನು ತೊಟ್ಟು, ಪರಿಸರ ಉಳಿಸಲಾಗುತ್ತದೆ.

ಪಾಣಿಪತ್ತಿನ ವಿಷಯ ಇನ್ನೂ ಸೊಗಸು. ಯುರೋಪು, ಅಮೆರಿಕದವರು ಹಾಕಿ ಬಿಟ್ಟ ಹಳೇ ಕೋಟು, ಸ್ವೆಟರುಗಳು ಹಡಗು ತುಂಬ ಗುಜರಾತಿನ ಕಾಂಡ್ಲಾಕ್ಕೆ ಬರುತ್ತವೆ. ಅಲ್ಲಿಂದ ಪಾಣಿಪತ್ತಿಗೆ. ಗುಂಡಿ, ಜಿಪ್ಪು ಕಿತ್ತು, ಹರಿದು, ಹಿಂಜಿ, ನೂತು ಅಗ್ಗದ ಕಂಬಳಿ ಮಾಡುತ್ತಾರೆ. ಎಲ್ಲಿ ಪ್ರವಾಹ, ಎಲ್ಲಿ ಭೂಕಂಪ, ಅಲ್ಲಿಗೆ ಪರಿಹಾರದ ಕಂಬಳಿಯಾಗಿ ಇವೂ ಹೋಗುತ್ತವೆ. ಅಂದರೆ, ಅಂಕ ಕಮ್ಮಿ ಬಂತೆಂದು ಅವರು ಎಸೆದ ಚಳಿಗಾಲದ ಕೋಟು ನಮ್ಮ ನೆರೆ ಸಂತ್ರಸ್ತರ ಮೈಮೇಲೆ ಬರಬಹುದು. ನಮ್ಮದೇ ಕುರಿಯ ಉಣ್ಣೆ ನಮ್ಮದೇ ಹೊಲದ ಬದುವಿನಲ್ಲಿ ಮಣ್ಣಾಗುತ್ತದೆ. ಇದಕ್ಕೆ ಸ್ವಾವಲಂಬನೆ ಎಂಬ ಹೆಸರಿಟ್ಟು ಭಾಷಣ ಮಾಡುವವರ ಹೆಗಲ ಮೇಲೆ ಯಾವ ಕಂಬಳಿ ಇದೆ ಎಂದು ಒಮ್ಮೆ ಮುಟ್ಟಿ ನೋಡಬೇಕು.

ಬಳ್ಳಾರಿಯಲ್ಲೇ ಹೊಲಿಯುವ ಜೀನ್ಸಿನ ಅದೃಷ್ಟವೂ ಕಂಬಳಿಗಿಲ್ಲ. 2023ರ ಚುನಾವಣೆಗೆ ಬಳ್ಳಾರಿಗೆ ಬಂದ ರಾಹುಲ್ ಗಾಂಧಿ ಐದು ಸಾವಿರ ಕೋಟಿ ರೂಪಾಯಿಯ ಉಡುಪು ಪಾರ್ಕಿನ ಮಾತು ಕೊಟ್ಟರು. ಜೀನ್ಸಿಗೆ ಮಾತು, ಕಂಬಳಿಗೆ ಹೆಗಲು. ಎರಡೂ ಪುಕ್ಕಟೆ.

ಹಾಗಾದರೆ ಈಗ ಈ ಸೀಮೆಯ ನಿಜವಾದ ಮಳೆಗೋಟು ಯಾವುದು? ಆಗಸ್ಟಿನಲ್ಲಿ ಕಂಪ್ಲಿಯ ಗದ್ದೆಗಳಿಗೆ ಹೋಗಿ. ನಾಟಿ ಹಚ್ಚುವ ಹೆಂಗಸರ ಸಾಲು. ಸೊಂಟ ಬಾಗಿದೆ, ಕಾಲು ಕೆಸರಲ್ಲಿದೆ, ಬೆನ್ನ ಮೇಲೆ ಮಳೆ. ತಲೆಯಿಂದ ಬೆನ್ನಿಗೆ ಯೂರಿಯಾ ಚೀಲ. ಒಂದು ಮೂಲೆಯನ್ನು ಒಳಕ್ಕೆ ಮಡಚಿದ್ದಾರೆ, ಥೇಟ್ ಕಂಬಳಿ ಕೊಪ್ಪೆ. ಕಂಬಳಿ ಹೋಯಿತು, ಮಡಿಕೆ ಉಳಿಯಿತು. ಚೀಲದ ಮೇಲೆ ಕೇಂದ್ರ ಸರ್ಕಾರದ ಸಬ್ಸಿಡಿ ಎಷ್ಟೆಂದು ಅಚ್ಚಾಗಿದೆ. ಗೊಬ್ಬರ ಭೂಮಿಗೆ, ಜಾಹೀರಾತು ಬೆನ್ನಿಗೆ. ನೀರು ನಿಲ್ಲುತ್ತದೆ, ನಿಜ. ಬೆಚ್ಚಗಿರುತ್ತದೆಯೇ ಎಂದು ಯಾರೂ ಅವರನ್ನು ಕೇಳಿಲ್ಲ. ಕೇಳಲು ವೇದಿಕೆ ಬೇಕು, ಗದ್ದೆಯಲ್ಲಿ ಶಾಮಿಯಾನ ನಿಲ್ಲುವುದಿಲ್ಲ.

ಕೊನೆಗೆ ಹೊಸಪೇಟೆಯಲ್ಲಿ ಕಂಬಳಿ ಕೇಳಿಕೊಂಡು ಒಂದು ಅಂಗಡಿಗೆ ಹೋದೆ. ಅಂಗಡಿಯವರು ತಲೆ ಎತ್ತದೆ ಕೇಳಿದರು, "ಸನ್ಮಾನದ್ದೋ, ಹೊದಿಯೋದೋ?"

ವ್ಯತ್ಯಾಸ ಏನೆಂದೆ.

ಸನ್ಮಾನದ್ದು ತೆಳ್ಳಗೆ, ಹಗುರ, ಮಿಲ್ಲಿನ ಮಾಲು, ಅಕ್ರಿಲಿಕ್. ಚುಚ್ಚುವುದಿಲ್ಲ, ವಾಸನೆ ಇಲ್ಲ, ಅಂಗಿಗೆ ಕೂದಲು ಹತ್ತುವುದಿಲ್ಲ, ಅಂಚಿಗೆ ಬಣ್ಣದ ಪಟ್ಟಿ. ಮಳೆಗೆ ಆಗುತ್ತದೆಯೇ ಎಂದು ಕೇಳಿದೆ. ಅವರು ನಕ್ಕರು. "ಸ್ಟೇಜ್ ಮ್ಯಾಲೆ ಎಲ್ಲೈತ್ರಿ ಸರ್ ಮಳಿ? ಮ್ಯಾಲೆ ಪೆಂಡಾಲ್ ಇರ್ತೈತಲ್ಲ."

ಹೊದೆಯುವುದು ಕೊಡಿ ಎಂದೆ.

"ಅದು ಆರ್ಡರ್ ಕೊಡ್ಬೇಕ್ರಿ, ಚಳ್ಳಕೆರಿ ಕಡಿಂದ ತರ್ಸ್ಬೇಕು. ಟೈಮ್ ಆಗ್ತೈತಿ. ಸನ್ಮಾನದ್ದಾದ್ರೆ ಹೇಳ್ರಿ, ಇನ್ನೂರು ಪೀಸ್ ರೆಡಿ ಅದಾವು. ಪಂಚಾಯ್ತಿ ಎಲೆಕ್ಷನ್ ಬರ್ತೈತಂತ ತಂದಿಟ್ಟೀನಿ."