ಬಾಡದ ಹೂವಿನ ಬವಣೆ

ಶಾಲೆಯ ಕರಕುಶಲಕ್ಕೆ ಪೈಪ್ ಕ್ಲೀನರ್ ಬೇಕೆಂದಳು ಮಗಳು. ತಿಪಟೂರಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೇಳಿದೆ. “ಯಾವ ಪೈಪು ಸಾರ್, ತೋಟದ್ದೋ ಬಚ್ಚಲದ್ದೋ?” ಎಂದು ಆಸಿಡ್ ಬಾಟಲಿ ಮುಂದಿಟ್ಟರು. ಕೊನೆಗೆ ಸಿಕ್ಕಿದ್ದು ಪುಸ್ತಕದಂಗಡಿಯಲ್ಲಿ: ಎರಡು ತಂತಿ ಹೊಸೆದು ನಡುವೆ ನವಿರು ಸಿಕ್ಕಿಸಿದ, ಥೇಟ್ ಕಂಬಳಿಹುಳದಂಥ ಬಣ್ಣದ ಕಡ್ಡಿ. ಹೊಗೆಸೊಪ್ಪು ಸೇದುವ ಕೊಳವೆಯ ಮಸಿ ತೆಗೆಯಲು ಹುಟ್ಟಿದ್ದು, ಈಗ ಹೂವಾಗಿ ಬಡ್ತಿ ಪಡೆದಿದೆ.

ರಾತ್ರಿ ಮನೆಮಂದಿಯೆಲ್ಲ ಕೂತೆವು. ಕೆಂಪು ಕಡ್ಡಿಯಲ್ಲಿ ಐದು ಕುಣಿಕೆ ಮಾಡಿದರೆ ಐದು ಎಸಳು. ನಡುವೆ ಹಳದಿ ಸುರುಳಿ, ಕೆಳಗೆ ಹಸಿರು ತೊಟ್ಟು. ಮಗಳದು ದಾಸವಾಳವಾಯಿತು, ನನ್ನದು ಬೋಂಡವಾಯಿತು.

ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಾಯಿ ಒಣಗಿಸಿ ಉಂಡೆ ಕೊಬ್ಬರಿ ಮಾಡುವ ಸೀಮೆ ನಮ್ಮದು, ತಾಳ್ಮೆಗೇನು ಬರ? ತುರುವೇಕೆರೆಯ ಭಾವ ಹುರುಪಿನಿಂದ ಹೊಂಬಾಳೆಯನ್ನೇ ಮಾಡಹೊರಟರು. ಎಳೆಯ ಬುಡಕ್ಕೆ ಗುಂಡಿಯಂಥ ಹೆಣ್ಣು ಹೂವು, ಮೇಲೆ ಸಾಲಾಗಿ ಗಂಡು ಹೂವು ಎಂದು ಪಾಠ ಬೇರೆ. ಮುಗಿದಾಗ ಅದು ಹಿಡಿಸೂಡಿಯಾಗಿತ್ತು.

ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ಅಜ್ಜಿ ಎಲ್ಲ ನೋಡಿ, “ಬಾಡೋದಿಲ್ಲ ಸರಿ, ಕಾಯಿ ಬಿಡ್ತದೇನ್ರಪ್ಪ?” ಎಂದರು. ಯಾರಲ್ಲೂ ಉತ್ತರವಿರಲಿಲ್ಲ.

ಬೆಳಗ್ಗೆ ನೋಡಿದರೆ ನನ್ನ ಹೂವೇ ನಾಪತ್ತೆ. ಅಜ್ಜಿ ಅದನ್ನು ಬಿಚ್ಚಿ, ನೇರ ಮಾಡಿ, ಹಿತ್ತಾಳೆ ಗಿಂಡಿಯ ಮೂತಿಯೊಳಗೆ ಆಡಿಸುತ್ತಿದ್ದರು. “ಎಷ್ಟು ಚೆನ್ನಾಗಿ ಉಜ್ತದೆ ಕಣೋ ಇದು!”

ಹುಟ್ಟುಗುಣ ಸುಟ್ಟರೂ ಹೋಗದು, ಹೂವಾದರೆ ಹೋದೀತೆ?